ಬೆಲೆ ಆಮೇಲೆ

ಬೆಲೆ ಆಮೇಲೆ ಹೇಳುತ್ತೇನೆ.
ಮೊದಲು ಆ ಹಳೇ ಟೈರಿನ ಮೇಲೆ ಕೂತುಕೊಳ್ಳಿ.
ಓರ್ಮಿಗೇರೋಸಿನ ಬಿಸಿಲಲ್ಲಿ ನಿಂತವರ ವ್ಯಾಪಾರ
ಯಾವಾಗಲೂ ಅವಸರದ್ದು.

ಎಪ್ಪತ್ತೊಂಬತ್ತರ ಮಜ್ದಾ ಇದು.
ಹಸಿರಿತ್ತು. ಈಗ ಗೋಸುಂಬೆ,
ಬಿಸಿಲಿಗೊಂದು ಬಣ್ಣ, ನೆರಳಿಗೊಂದು.
ಟ್ಯೂನಾ ಡಬ್ಬಿ ಕಾರ್ಖಾನೆಯ ಎರಡು ವರ್ಷದ ಸಂಬಳ ಸುರಿದು
ನನ್ನಣ್ಣ ಎಫ್ರಾಯಿನ್ ತಂದದ್ದು.
ಅವನ ಬೆರಳಲ್ಲಿ ಮೀನಿನ ವಾಸನೆ,
ಸ್ಟೀರಿಂಗಿಗೂ ಅದೇ. ಮೂಸಿ ನೋಡಿ ಬೇಕಾದರೆ.

ಅವನೇ ಹೇಳುತ್ತಿದ್ದ:
ಈ ಕಂಪನಿ ಹುಟ್ಟಿದ್ದು ಬಿರಡೆಯಿಂದ.
ನಗಬೇಡಿ. ಬಾಟಲಿಯ ಬಾಯಿಗೆ ಗಿಡಿಯುವ ಬಿರಡೆಯೇ.
ಹಿರೋಶಿಮಾದಲ್ಲಿ ಕಾರ್ಕ್ ಮರದ ತೊಗಟೆ ಒತ್ತುತ್ತಿದ್ದವರು
ಮುಂದೆ ಮೂರು ಗಾಲಿಯ ಬಂಡಿ ಕಟ್ಟಿದರು.
ಆಮೇಲೆ, ಆ ಬೆಳಗು.
ನಡುವೆ ಗುಡ್ಡವೊಂದು ಅಡ್ಡ ನಿಂತಿತ್ತಂತೆ,
ಕಾರ್ಖಾನೆ ಉಳಿಯಿತು.
ಅಂದು ಪಟ್ಟಣದ ಕಡೆ ಹೋಗಿದ್ದವರು ಉಳಿಯಲಿಲ್ಲ.
ವರ್ಷ ಮುಗಿಯುವ ಮೊದಲೇ
ಮತ್ತೆ ಮೂರು ಗಾಲಿ ಗೇಟು ದಾಟಿತು.
ಕತೆ ಇಲ್ಲಿಗೆ ಬಂದಾಗೆಲ್ಲ ಎಫ್ರಾಯಿನ್ ಸುಮ್ಮನಾಗಿ
ಕೈಯಲ್ಲೇ ಇದ್ದ ಪಾನಾ ಹುಡುಕುತ್ತಿದ್ದ.

ಎಂಜಿನ್ನಿಗೆ ಪಿಸ್ಟನ್ ಇಲ್ಲ, ಗೊತ್ತಲ್ಲ?
ರೇಷ್ಮೆಗೂಡಿನ ಆಕಾರದ ಕೋಣೆ,
ಒಳಗೆ ಮೂರು ಮೂಲೆಯ ಕಬ್ಬಿಣ.
ಬುಗುರಿಯ ಹಾಗಲ್ಲ,
ಮದುವೆ ಮನೆಯಲ್ಲಿ ಕುಡಿದ ಸೋದರಮಾವ ಕುಣಿದ ಹಾಗೆ
ಓಲಾಡಿಕೊಂಡು ಸುತ್ತುತ್ತದೆ,
ಮೂಲೆಗಳು ಮಾತ್ರ ಗೋಡೆ ಬಿಡುವುದಿಲ್ಲ.
ಮೊದಮೊದಲು ಗೋಡೆಯ ತುಂಬ ಗೀರು.
ಅಲ್ಲಿಯವರು ಅದಕ್ಕಿಟ್ಟ ಹೆಸರು ದೆವ್ವದ ಉಗುರು.
ಎಷ್ಟು ರಾತ್ರಿ ನಿದ್ದೆಗೆಟ್ಟು ಆ ಉಗುರು ಕತ್ತರಿಸಿದರೋ.
ಬುಡಸಮೇತ ಕತ್ತರಿಸಿದರು ಅಂತ ನಾನು ಆಣೆ ಇಡಲಾರೆ.
ಎರಡು ಸಲ ಬಿಚ್ಚಿದ್ದೇನೆ. ನೋಡಿದ್ದೇನೆ.

ಎಣ್ಣೆ ಕುಡಿಯುತ್ತದೆ; ಅದು ಕಾಯಿಲೆಯಲ್ಲ, ಜಾತಕ.
ಪೆಟ್ರೋಲಂತೂ ಆನೆ ಸಾಕಿದ ಹಾಗೆ.
ತಣ್ಣಗಿರುವಾಗ ಎಬ್ಬಿಸಿ ತಕ್ಷಣ ಆರಿಸಿದಿರೋ,
ಗಂಟಲಲ್ಲಿ ಪೆಟ್ರೋಲು ಕಟ್ಟಿಕೊಂಡು ಮುನಿಸು.
ಪ್ಲಗ್ಗು ಬಿಚ್ಚಿ, ಒರೆಸಿ, ಗದ್ದ ಹಿಡಿದು ಬೇಡಬೇಕು.

ಎಫ್ರಾಯಿನ್ ಸತ್ತದ್ದು ಕಾರಿನಲ್ಲಲ್ಲ.
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.
ಒಂದು ಹಲ್ಲು. ಕೀವು. ಒಂಬತ್ತು ದಿನ.

ಮರಿಯಾ ಚಂಡಮಾರುತದ ವರ್ಷ
ಪೆಟ್ರೋಲಿಗೆ ಏಳು ಗಂಟೆ ಸಾಲು ನಿಂತೆ.
ಹಿಂದಿನ ಲಾರಿಯವನು ಕೂಗಿದ:
"ಆ ಕುಡುಕಿಗೆ ಯಾಕ್ರೀ ಕೊಡ್ತೀರಿ?"
ಮೈ ಉರಿಯಿತು. ಮನೆಗೆ ಬರುವಷ್ಟರಲ್ಲಿ
ಅವನು ಹೇಳಿದ್ದೇ ಸರಿ ಅನ್ನಿಸಿತು.
ಪಕ್ಕದ ಪ್ರುದೆನ್ಸಿಯಾ ಅಜ್ಜಿಯ ಇನ್ಸುಲಿನ್ನು
ಸತ್ತ ಫ್ರಿಜ್ಜಿನಲ್ಲಿ ಬೆಚ್ಚಗಾಗುತ್ತಿತ್ತು.
ಟ್ಯಾಂಕಿಗೆ ನಳಿಗೆ ಇಳಿಸಿ, ಬಾಯಲ್ಲಿ ಎಳೆದು,
ಉಗಿದು, ಜನರೇಟರಿಗೆ ಬಸಿದೆ.
ಆ ರುಚಿ ಇವತ್ತಿಗೂ ಕಾಫಿಯಲ್ಲಿ ಬರುತ್ತದೆ, ಅಪರೂಪಕ್ಕೆ.

ಐದು ತಿಂಗಳು ಕಾರು ರೆಂಬೆ ಮುರಿದ ಮಾವಿನಡಿ.
ಕನ್ನಡಿಯಿಂದ ಕಂಬಕ್ಕೆ ಬಟ್ಟೆ ಒಣಗುವ ಹಗ್ಗ,
ಹಿಂದಿನ ಸೀಟಿನಲ್ಲಿ ಯಾರದೋ ಕೋಳಿ ಕಾವಿಗೆ ಕೂತು
ಹನ್ನೊಂದು ಮರಿ ಇಳಿಸಿತು.

ಬೀದಿಗೆ ಕರೆಂಟು ಬಂದ ರಾತ್ರಿ
ಎಲ್ಲರೂ ಪಾತ್ರೆ ಬಡಿಯುತ್ತಿದ್ದರು. ನನಗೆ ಬಡಿಯಲು
ಇದೊಂದೇ ಇತ್ತು. ಕೀಲಿ ತಿರುಗಿಸಿದೆ.
ಏನಿಲ್ಲ. ಏನಿಲ್ಲ. ಕೆಮ್ಮು. ಹೊಗೆ.
ಆಮೇಲೆ ಬ್ರಪ್, ಬ್ರಪ್, ಬ್ರಪ್,
ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.
ಪ್ರುದೆನ್ಸಿಯಾ ಅಜ್ಜಿ ಕಿಟಕಿಗೆ ಬಂದಳು. ಬೈಗುಳವೇ ಅಂದುಕೊಂಡು
ನನ್ನ ಕೈ ಕೀಲಿಗೆ ಹೋಗಿತ್ತು.
"ಆರಿಸಬೇಡ್ವೇ," ಅಂದಳು,
"ತಣ್ಣಗಿರುವಾಗ ಆರಿಸಬಾರದು.
ನಿಮ್ಮಣ್ಣ ಬಡಕೊಳ್ಳುತ್ತಿದ್ದ."

ಸರಿ, ಸಾನ್ ಹ್ವಾನಿನಿಂದ ದುಡ್ಡು ಹಿಡಿದು ಬಂದಿದ್ದೀರಿ.
ಬಾನೆಟ್ ಎತ್ತಿಟ್ಟಿದ್ದೇನೆ.
ಎಣ್ಣೆ ನೋಡುವ ಕಡ್ಡಿ ಎಲ್ಲಿದೆ,
ತೋರಿಸಿ ನೋಡೋಣ.